ಇಪ್ಪತ್ತು ಮಿಲಿಮೀಟರ್

ಶುವೈಖ್‌ನ ಗಲ್ಲಿಯಲ್ಲಿ ಬೆಳಗ್ಗೆ ಏಳಕ್ಕೇ
ಶಟರು ಕೈ ಸುಡುತ್ತದೆ.
ಬೂ ಮಿಶಾರಿ ತಂದು ನಿಲ್ಲಿಸಿದ್ದಾರೆ
ಎಪ್ಪತ್ತರ ಶೆವೆಲ್, ಕಡುನೀಲಿ,
ಬಾನೆಟ್ಟಿನ ಮೇಲೆ ಎರಡು ಬಿಳಿ ಪಟ್ಟೆ,
ಆನೆಯ ಮೈಗೆ ಆಡಿನ ಕಾಲು.

"ಹಿಂದೆ ಇನ್ನೂರ ಎಪ್ಪತ್ತೈದು ಕೂರಬೇಕು. ಕೂರಿಸು."

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು
ಈ ಗಲ್ಲಿಯಲ್ಲಿ ನಡೆಯುವುದಿಲ್ಲ.
ಇಲ್ಲಿ ಮೊದಲು ಕಾಲು ಚಾಚುತ್ತಾರೆ,
ಹಾಸಿಗೆ ಬಡಿದು ಅಗಲ ಮಾಡುವುದು
ನನ್ನ ಕೆಲಸ.

ಜಾಕಿನ ಮೇಲೆ ಹಿಂಭಾಗ ಎತ್ತಿ ಹಳೇ ಚಕ್ರ ಬಿಚ್ಚಿದೆ.
ಐದು ನಟ್ಟು, ಐದೂ ಚಹಾದ ಬಸಿಯಲ್ಲಿ.
ಒಳಗೆ ಸ್ಪ್ರಿಂಗು, ಹೊರಗೆ ಮಡ್‌ಗಾರ್ಡಿನ ತುಟಿ,
ನಡುವೆ ಕತ್ತಲು.
ಕತ್ತಲು ಅಳೆಯಲು ಟೇಪು ಸಾಲದು:
ಮೆಸ್ಸಿನಿಂದ ಮುಕ್ಲೇಸ್ ತಂದ ಚಪಾತಿ ಹಿಟ್ಟು
ಗೋಲಿ ಮಾಡಿ ಒಳಗೆಲ್ಲ ಅಂಟಿಸಿ
ಹೊಸ ಚಕ್ರ ಹಾಕಿ, ಜಾಕು ಇಳಿಸಿ,
ಡಿಕ್ಕಿಯಲ್ಲಿ ಮೂವರು ಕೂತು ಕುಣಿದೆವು.
(ಮೂರನೆಯವ ಬ್ಯಾಟರಿ ಅಂಗಡಿಯ ಗುಲ್‌ಬಾಜ್,
ಒಬ್ಬನೇ ಇಬ್ಬರ ತೂಕ.)
ಬಿಚ್ಚಿ ನೋಡಿದರೆ
ಒಂದು ಗೋಲಿ ದೋಸೆ, ಒಂದು ಹಪ್ಪಳ,
ತುಟಿಯ ಹತ್ತಿರ ಏನೂ ಇಲ್ಲ,
ಟಯರು ತಿಂದುಬಿಟ್ಟಿದೆ.

ನಿಂತ ಗಾಡಿಗೆ ಎಲ್ಲ ಚಕ್ರವೂ ಹಿಡಿಸುತ್ತದೆ,
ಗುಂಡಿಗೆ ಇಳಿದಾಗ ತಿಳಿಯುವುದು
ಯಾರ ಜಾಗ ಎಷ್ಟು.
ಹನ್ನೊಂದು ವರ್ಷ ಆರು ಮಂಚದ ಕೋಣೆಯಲ್ಲಿ ಮಲಗಿದವನಿಗೆ
ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೀಟ್‌ಗನ್ನಿನಿಂದ ಬಣ್ಣ ಬೆಚ್ಚಗೆ ಮಾಡಿ
ಶುಕ್ರವಾರದ ಕ್ರಿಕೆಟ್ಟಿನ ಮುರಿದ ಸ್ಟಂಪು
ಟಯರಿಗೂ ತುಟಿಗೂ ನಡುವೆ ತೂರಿಸಿದೆ.
ಮುಕ್ಲೇಸ್ ಕಾರನ್ನು ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ
ತಳ್ಳುತ್ತಿದ್ದರೆ
ತಗಡು ಒಳಗೆ ಮಡಚಿಕೊಳ್ಳುತ್ತದೆ
ಲಂಗದ ಅಂಚಿನ ಹಾಗೆ.
ಗಂಗೊಳ್ಳಿಯಲ್ಲಿ ಅಮ್ಮ ಹೊಲಿಯುತ್ತಿದ್ದಳು,
ನೂಲು ಕಂಡರೆ ಕೆಲಸ ಕೆಟ್ಟಿತು ಅನ್ನುತ್ತಿದ್ದಳು.
ಇಲ್ಲಿ ಬಣ್ಣ ಬಿರಿದರೆ.

ಎಡಗಡೆ ಮುಗಿಯಿತು. ಬಲಗಡೆ
ಸ್ಟಂಪು ಎಲ್ಲೋ ತಡೆಯಿತು.
ಟಾರ್ಚು ಬಿಟ್ಟರೆ ಒಳಮೂಲೆಯಲ್ಲಿ
ಹೆಬ್ಬೆರಳ ದಪ್ಪದ ಸಿಮೆಂಟು, ಮೂರು ಬೆರಳಿನ ಗೀರು,
ಕಲ್ಲಾಗಿದೆ. ಉಳಿ ಎತ್ತಿಕೊಂಡೆ.

"ಬೇಡ."
ಅಷ್ಟು ಹೊತ್ತೂ ಫೋನಿನಲ್ಲಿದ್ದವರು
ಬಂದು ಮೊಣಕಾಲೂರಿದರು,
ಬಿಳಿ ದಿಶ್ದಾಶ ಆಯಿಲಿನಲ್ಲಿ.

ತೊಂಬತ್ತರ ಆಗಸ್ಟು. ಅಣ್ಣನ ಕಾರು.
ಸೈನಿಕರು ಮನೆಮನೆ ಹೊಕ್ಕು ಕೀಲಿ ಕೇಳುತ್ತಿದ್ದ ವಾರ
ಚಕ್ರ ಬಿಚ್ಚಿ ಬಚ್ಚಿಟ್ಟು, ಇಟ್ಟಿಗೆಯ ಮೇಲೆ ಕೂರಿಸಿ
ಶೆಡ್ಡಿನ ಬಾಯಿಗೆ ಒಂದೇ ರಾತ್ರಿಯಲ್ಲಿ ಗೋಡೆ ಕಟ್ಟಿದ್ದ.
ಗಾರೆ ಕಲಸಿ ಕೊಟ್ಟದ್ದು ಹನ್ನೆರಡರ ಹುಡುಗ, ಇವರೇ.
ಕರಣೆ ಹಿಡಿದೇ ಗೊತ್ತಿಲ್ಲದ ಅಣ್ಣ
ದೀಪವಿಲ್ಲದೆ ತಡಕಾಡಿ
ಕೈ ಎಲ್ಲಿ ಒರೆಸಿಕೊಂಡನೋ ಅಲ್ಲಿ ಇದು.
ಏಳು ತಿಂಗಳು ಗೋಡೆ ನಿಂತಿತ್ತು.
ಒಡೆಯುವಾಗ ಅಣ್ಣ ಇರಲಿಲ್ಲ.

ಅರ್ಧ ಅರಬ್ಬಿ, ಅರ್ಧ ಹಿಂದಿ, ಇಷ್ಟೇ ಹೇಳಿದ್ದು.
ಮುಕ್ಲೇಸ್ ಗುಟ್ಕಾ ಉಗಿಯಲು ಹೊರಗೆ ಹೋದ.

"ಇದು ಇದ್ದರೆ ಇನ್ನೂರ ಐವತ್ತೈದು," ಅಂದೆ.
"ಎಷ್ಟು ಕಮ್ಮಿ?"
ಬೆರಳೆರಡು ಹಿಡಿದು ತೋರಿಸಿದೆ,
ನಡುವೆ ಒಂದು ಬಿಸ್ಕತ್ತು ಹಿಡಿಸುವಷ್ಟು.
ಆ ಸಂದಿಯನ್ನೇ ನೋಡಿದರು ಸ್ವಲ್ಪ ಹೊತ್ತು.
"ಮಾಫಿ ಮುಶ್ಕಿಲ್."

ಎಡಗಡೆಯ ತುಟಿ ಸುಮ್ಮನೆ ಮಡಚಿದಂತಾಯಿತು.
ಅದಕ್ಕೂ ಕೂಲಿ ಕೊಟ್ಟರು, ಚೌಕಾಸಿ ಮಾಡಿಯೇ.

ಮಗ್ರಿಬ್ ಬಾಂಗಿನ ಹೊತ್ತಿಗೆ ಕಾರು ಹೊರಟಿತು,
ಡೀಸೆಲ್ ಪಂಪಿನ ಅಂಗಡಿಯೆದುರಿನ ಉಬ್ಬಿಗೆ
ನಾವು ಮೂವರೂ ಕಿವಿ ಕೊಟ್ಟು ನಿಂತೆವು.
ಏರಿತು. ಕುಸಿಯಿತು.
ಉಜ್ಜಿದ ಸದ್ದಿಲ್ಲ.
ಆಮೇಲೆ ಬೇಕೆಂದೇ ಒಮ್ಮೆ ಒತ್ತಿದರು:
ಗಲ್ಲಿಯ ಶಟರುಗಳೆಲ್ಲ ಗಡಗಡ, ಹೊಗೆ, ಎರಡು ಕರಿ ಗೆರೆ.

ಬಸಿಯಲ್ಲಿ ಹಿಟ್ಟಿನ ಗೋಲಿಯೊಂದು ಉಳಿದಿತ್ತು,
ಮೇಲೆ ಟಯರಿನ ಗುರುತು,
ಒಣಗಿ ಸಿಮೆಂಟಿನ ಬಣ್ಣಕ್ಕೆ ತಿರುಗುತ್ತಿತ್ತು.
"ಎಸೆಯಲಾ?" ಅಂದ ಮುಕ್ಲೇಸ್.
ಎಸೆ, ಅಂದೆ.
ನಾಳೆ ಮುಸ್ತಾಂಗು ಬರುತ್ತದೆ,
ಹೊಸ ಹಿಟ್ಟು ಬೇಕು.