ಒಂದು ಹೊಲಿಗೆ, ಹತ್ತು ರೂಪಾಯಿ

ಲುಂಗಿಗೆ ಅಳತೆ ಇಲ್ಲ.
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ
ಬಟ್ಟೆಯಂಗಡಿ ಜಗಲಿಯಲ್ಲಿ ಮಿಷನ್ನು ಇಟ್ಟುಕೊಂಡು
ನಲವತ್ತು ವರ್ಷ ಕಲಿತದ್ದರಲ್ಲಿ ಇದೊಂದೇ ಖಾತ್ರಿ.
ಕುಪ್ಪಸಕ್ಕಾದರೆ ಎದೆ, ತೋಳು, ಕಂಕುಳು, ಬೆನ್ನಿನ ಆಳ;
ಟೇಪು ಹಿಡಿದಾಗ ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ.
ಲುಂಗಿಗೆ ಹಾಗಲ್ಲ. ಎರಡು ತುದಿ ಜೋಡಿಸು,
ಕರ್ರನೆ ಒಂದು ಗೆರೆ ಓಡಿಸು, ನೂಲು ಕಚ್ಚಿ ಕಡಿ.
ಹತ್ತು ರೂಪಾಯಿ.
ಒಳಗೆ ನಿಲ್ಲುವವರು ಯಾರೆಂದು ಬಟ್ಟೆ ಕೇಳುವುದಿಲ್ಲ.

ನಾನು ಕೇಳಿದೆ.
"ಯಜಮಾನ್ರಿಗಾ?"
"ನಂಗೆ" ಅಂದಳು ಜವರಮ್ಮ.

ಆಲೂಗಡ್ಡೆ ಮಂಡಿಯಲ್ಲಿ ಮೂಟೆ ಹೊರುವವಳು.
ಉಗುರಿನ ಸಂದಿಯಲ್ಲಿ ಇನ್ನೂ ಕೆಮ್ಮಣ್ಣು.
ನೀಲಿ ಚೌಕುಳಿಯ ಮೇಲೆ ಹೆಬ್ಬೆಟ್ಟಿನ ಗುರುತು ಬಿತ್ತು,
"ಥೂ, ಹೊಸದು" ಎಂದು ಸೆರಗಿನಲ್ಲಿ ತಾನೇ ಒರೆಸಿದಳು.
ಹೋದ ವಾರ ಲಾರಿಯ ಕೊಂಡಿಗೆ ಸೀರೆ ಸಿಕ್ಕಿ
ಹಲಗೆಯ ಮೇಲಿಂದ ಬಿದ್ದಳಂತೆ, ಮೂಟೆ ಸಮೇತ.
ಮೊಣಕಾಲಿನ ಗಾಯ ತೋರಿಸಲು ಬಗ್ಗಿ,
ಏನೋ ನೆನಪಾಗಿ, ಬಿಟ್ಟಳು.

ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಸಿಂಗ್ರಯ್ಯ,
"ಅಲ್ಲ ಕಣವ್ವಾ, ಗಂಡಸ್ರು ಉಡೋದು ಅದು.
ಒಂದು ಪದ್ಧತಿ ಅಂತ ಬ್ಯಾಡ್ವಾ?"

ಅವಳು ಮೈಮೇಲಿನ ಅಂಗಿಯ ಕಾಲರು ಹಿಡಿದು ತೋರಿಸಿದಳು,
ಗೆರೆಗೆರೆಯ ತುಂಬುತೋಳಿನ ಅಂಗಿ, ಗಂಡನದು.
"ಇದ ಸೀರೆ ಮ್ಯಾಲೆ ಹಾಕ್ಕಂಡು ಹನ್ನೆರಡು ವರ್ಸ ಆಯ್ತು.
ಮಂಡಿ ಹೆಂಗಸ್ರೆಲ್ಲ ಹಾಕ್ತೀವಿ.
ಆಗ ಎಲ್ ಮನಗಿತ್ತಣ್ಣಾ ನಿನ್ ಪದ್ಧತಿ?
ಸೊಂಟದಿಂದ ಮ್ಯಾಕೆ ಗಂಡಸಾದ್ರೆ ಪರವಾಗಿಲ್ಲ,
ಕೆಳಕ್ಕಾದ್ರೆ ಊರು ಮುಳುಗ್ತದಾ?"

ಬೀಡಿ ಆರಿತ್ತು. ಸಿಂಗ್ರಯ್ಯ ಕಡ್ಡಿ ಗೀರಿದ.
ಗಾಳಿ ಇತ್ತು.

ನಿಜ ಹೇಳಬೇಕೆಂದರೆ ನಾನೂ ಅವಳ ಕಡೆ ಇರಲಿಲ್ಲ.
ನನ್ನ ಲೆಕ್ಕದ ಪುಸ್ತಕದಲ್ಲಿ ಎರಡು ಕಾಲಂ,
ಗಂಡಸರದು, ಹೆಂಗಸರದು,
ನಡುವೆ ಅಪ್ಪ ಸ್ಕೇಲಿಟ್ಟು ಎಳೆದ ಗೆರೆ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ.

"ಒಳಗಡೆ ಒಂದು ಜೇಬು ಮಡಗು" ಅಂದಳು ಅಷ್ಟರಲ್ಲಿ.
"ಲುಂಗಿಗೆ ಜೇಬಾ?"
ಮೂಟೆಗೊಂದು ಚೀಟಿ ಕೊಡುತ್ತಾರೆ ಮಂಡಿಯಲ್ಲಿ.
ಅಂಗಿ ಜೇಬಿನಲ್ಲಿಟ್ಟರೆ ಬಗ್ಗಿದಾಗ ಉದುರುತ್ತವೆ,
ಕುಪ್ಪಸದಲ್ಲಿಟ್ಟರೆ ಬೆವರಿಗೆ ಮಸಿ ಕಲಸಿಹೋಗುತ್ತದೆ.
ಓದಲಾಗದ ಚೀಟಿ ಎಂದರೆ
ಹೊರದ ಮೂಟೆ ಎಂದು ರೈಟರ ಲೆಕ್ಕ.
ಶನಿವಾರ ಸಂಜೆ ಹಾಗೆ ಎಷ್ಟು ಮೂಟೆ
ಅವಳ ಬೆನ್ನಿನಿಂದ ಮಾಯವಾಗಿವೆಯೋ.

ಎಡಕ್ಕೆ, ಗಂಟಿನಿಂದ ಮೂರು ಬೆರಳು ಕೆಳಗೆ,
ತನ್ನ ಕೈಯಿಂದಲೇ ಗುರುತು ಮಾಡಿ ತೋರಿಸಿದಳು.
ನಲವತ್ತು ವರ್ಷದಲ್ಲಿ ಮೊದಲ ಸಲ
ಲುಂಗಿಗೆ ಟೇಪು ಹಿಡಿದೆ.

ಆಮೇಲೆ ಒಂದು ದಿನ ಮಂಡಿಗೆ ಹೋಗಿದ್ದೆ.
ಸಾಹುಕಾರರ ಜೀಪು ಬಂತು.
ಎತ್ತಿ ಕಟ್ಟಿದ ಲುಂಗಿಗಳೆಲ್ಲ
ದಡಬಡ ಇಳಿದವು, ಮರ್ಯಾದೆಗೆ.
ಜವರಮ್ಮನದು ಇಳಿಯಲಿಲ್ಲ;
ಎರಡೂ ಕೈ ಮೂಟೆಯ ಕಿವಿಯಲ್ಲಿದ್ದವು.
ಸಾಹುಕಾರರು ಒಮ್ಮೆ ನೋಡಿದರು. ಒಳಗೆ ಹೋದರು.
ಏನೂ ಆಗಲಿಲ್ಲ.
ಆಲೂಗಡ್ಡೆಗೆ ಕಿಲೋಗೆ ಎರಡು ರೂಪಾಯಿ ಇಳಿದಿತ್ತು, ಅಷ್ಟೇ.

ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಸಿಂಗ್ರಯ್ಯ ಬಂದ.
ಪ್ಲಾಸ್ಟಿಕ್ ಚೀಲದಲ್ಲಿ ಎರಡು ಹಳೆಯ ಲುಂಗಿ.
ಆ ಕಡೆ ನೋಡಿದ, ಈ ಕಡೆ ನೋಡಿದ.
"ಒಳಗಡೆ... ಅದೇ... ಒಂದು ಜೇಬು."
"ಜವರಮ್ಮಂದರ ಥರದ್ದಾ?"
"ಮೆಲ್ಲಗೆ ಮಾತಾಡಯ್ಯಾ" ಅಂದ.

ಟೇಪು ಕೊರಳಿಂದ ತೆಗೆದೆ.
ಜೇಬಿಗೆ ಹದಿನೈದು, ಅಂದೆ. ಬೇರೆ.