ಊರ ಹೆಸರು ಡೋಣಿ

ಅರ್ಜಿಯೊಳಗ ಒಂದು ಖಾನೆ ಇತ್ತು: ಯಾವ ಊರವರು?
ಯೆಸ್ಪರ್ ತನ್ನ ಬಂದರದ ಹೆಸರು ಬರದು
ಪೆನ್ನು ನನ್ನ ಕಡೆ ಸರಿಸಿದ.
ಡೋಣಿ, ಅಂದೆ. ತಾಲೂಕ ಮುಂಡರಗಿ, ಜಿಲ್ಲಾ ಗದಗ.
ಹಂಗಂದ್ರ ಏನು?
ಹಂಗಂದ್ರ ಇದs, ನಾವು ಕುಂತದ್ದು.
ಮುದುಕ ಬೋಟಿನ ಕಟ್ಟಿಗಿ ಬಡದು ನಕ್ಕ.
ಸಮುದ್ರ ಎಷ್ಟು ದೂರ?
ಬಸ್ಸಿನಾಗ ಒಂದು ರಾತ್ರಿ. ನಡುವ ಘಟ್ಟ.

ಹದಿನೆಂಟು ವರ್ಷದ ಕೆಳಗ
ಕಪ್ಪತಗುಡ್ಡದ ಬೆನ್ನಿಗೆ ನಮ್ಮ ಕಂಪನಿ ಫ್ಯಾನು ನಿಲ್ಲಸಾಕ
ಡೆನ್ಮಾರ್ಕಿನಿಂದ ಬಂದಾವ ಈತ.
ನನಗ ನಟ್ಟು ಬಿಗಿಯೂದು ಕಲಿಸಿದ,
ನಾ ಆತಗ ರೊಟ್ಟಿ ಮುರಿಯೂದು.
ಈಗ ರಿಟೈರಾಗಿ ಬೋಟು ತಗೊಂಡಾನ.
ಬೋಟಿಗೆ ಹೆಂಡತಿ ಹೆಸರು ಬಿರ್ಗಿಟ್;
ಹೆಂಡತಿಗೆ ಮಾತ್ರ ನೀರು ಕಂಡ್ರ ವಾಂತಿ.
ಅದಕ್ಕ ನನಗ ಪತ್ರ:
ಗಾಳಿ ಗೊತ್ತಿದ್ದಾವ ಒಬ್ಬ ಬೇಕು, ರಜಾ ಹಾಕು.

ರ‍್ಯಾಲಿ ಅಂದಕೂಡ್ಲೆ ಅವ್ವ ಕೇಳಿದ್ಲು, ಯಾವ ಪಕ್ಷದ್ದು?
ಟೆಂಪೋ ಕಳಸತಾರೋ, ನೀನs ಹೋಗಬೇಕೋ?
ಅಲ್ಲಬೇ, ಶ್ರೀಶೈಲಕ್ಕ ನಡಕೋಂತ ಹೋಗತಾರಲ್ಲ, ಹಂಗ.
ದಾರಿ ಒಂದs. ಕಾಲು ಅವರವರದು.
ಆಕಿಗೆ ಅಷ್ಟು ಸಾಕಾತು.
ಎಂಬತ್ತು ಖಡಕ್ ರೊಟ್ಟಿ, ಗುರೆಳ್ಳ ಚಟ್ನಿ, ಒಂದು ಹಳೇ ಧೋತರದಾಗ ಗಂಟು.
ಮುರಿದ್ರ ಮುರೀಲಿ, ಕೆಡೂದಿಲ್ಲ.

ತುರ್ಕಿ ದಂಡಿಯಿಂದ ಸೈಪ್ರಸ್ಸಿಗೆ ಅರವತ್ತೊಂದು ಬೋಟು.
ಎಲ್ಲಾಕೂ ಹಳದಿ ನಿಶಾನಿ, ನಮ್ಮದು ನಲವತ್ತೇಳು.
ಮುಂಜಾನೆ ಎಂಟಕ್ಕ ರೇಡಿಯೋದಾಗ ಹಾಜರಿ.
ಜಿಲ್ಲಾಧಿಕಾರಿ ಇದ್ದಂಗ ಇದ್ದ ಒಬ್ಬ ಇಂಗ್ಲಿಷರ ಮುದುಕಿ
ಒಂದೊಂದs ನಂಬರ ಕರಿಯೂದು.
ನಲವತ್ತಾರು ಡೀಸೆಲ್ ಮುಗದೈತಿ ಅಂತು.
ನಲವತ್ತೆಂಟರ ಬೆಕ್ಕು ಹಾಯಿ ಏರಿ ಕುಂತು ಇಳೀವಲ್ದು.
ನಲವತ್ತೇಳು, ಹಾಜರ್, ಅಂದೆ ನಾ,
ಮುಂಡರಗಿ ಸಾಲಿಯಾಗ ಮಾಸ್ತರಗ ಅಂದಂಗ.

ಮೂರನೇ ದಿನ ಗಾಳಿ ಸತ್ತಿತು.
ನೀರು ಎಣ್ಣಿ ಹಂಗ ಬಿದ್ದಿತ್ತು.
ಅರವತ್ತೊಂದೂ ಹಾಯಿ ಒಣಗಹಾಕಿದ ಧೋತರ.
ಒಬ್ಬೊಬ್ಬರs ಇಂಜಿನ್ನು ಚಾಲೂ ಮಾಡಿ
ಮಾರಿ ತಪ್ಪಿಸಿಕೊಂಡು ಮುಂದ ಹೋದ್ರು.
ಯೆಸ್ಪರ್ ಮಾಡಲಿಲ್ಲ.
ನಾವಿಬ್ಬರೂ ರೊಟ್ಟಿ ಮುರಕೋಂತ ಕುಂತ್ವಿ.
ಆ ಸದ್ದು ಎಷ್ಟು ದೊಡ್ಡದು ಅಲ್ಲೆ.

ಸಂಜಿಮುಂದ ಕುತ್ತಿಗಿ ಹಿಂದ ಒಂದು ತಣ್ಣಂದು ಮುಟ್ಟಿತು.
ಮೀಟರು ಸೊನ್ನಿ ತೋರಸ್ತಿತ್ತು.
ಬರತೈತಿ, ಅಂದೆ.
ಎಂಬತ್ತು ಮೀಟರ ಕಂಬದ ಮ್ಯಾಲೆ
ಇಷ್ಟು ವರ್ಷ ಅದರ ಬಾಯಾಗ ನಿಂತಾವಗ
ಅದರ ಉಸುರು ಗೊತ್ತಾಗೂದಿಲ್ಲೇನು?

ಬಂತು.
ಹಾಯಿ ಹೊಟ್ಟಿ ತುಂಬಿಕೊಂಡ ಸಪ್ಪಳಕ್ಕ ನಾ ಬೆಚ್ಚಿಬಿದ್ದೆ.
ಬೋಟು ಒಂದು ಕಡೆ ವಾಲಿತು. ಆಮೇಲೆ ನಡೀತು.
ಅಷ್ಟs. ನಡೀತು.
ನಾ ಹಗ್ಗ ಹಿಡಕೊಂಡು ನಿಂತಾವ ಕುಂತುಬಿಟ್ಟೆ.

ನಮ್ಮ ಗುಡ್ಡದಾಗ ಗಾಳಿಗೇನು ಕಡಿಮಿ?
ಆಷಾಢದಾಗ ದನದ ಕೋಡು ಹಾರಸೂವಂಥದು.
ಹಗಲೂ ರಾತ್ರಿ ತಿರುಗತಾವು ನಮ್ಮ ಫ್ಯಾನು.
ಗದಗದಾಗ ದೀಪ ಹತ್ತತಾವು, ಹುಬ್ಬಳ್ಳಿಯಾಗ ಮಿಕ್ಸರು.
ಆದ್ರ ಒಂದು ಫ್ಯಾನರ, ಒಂದು ದಿನರ,
ನಿಂತ ಜಾಗದಿಂದ ಒಂದು ಗೇಣು ಸರದದ್ದು ನಾ ಕಂಡಿಲ್ಲ.
ನಾನೂ ಅದರ ನಟ್ಟು ಬಿಗಿಕೋಂತ, ಅದರಂಗs.

ಯೆಸ್ಪರಗ ಇದನ್ನ ಹೇಳಬೇಕಂದೆ.
ನನ್ನ ಇಂಗ್ಲಿಷು ಅಷ್ಟು ದೂರ ಹೋಗಲಿಲ್ಲ.
ಆತ ಚುಕ್ಕಾಣಿ ಬಿಟ್ಟುಕೊಟ್ಟು ಒಳಗ ಮಲಗಾಕ ಹೋದ.

ಈಗ ಮತ್ತ ಹದಿಮೂರನೇ ಕಂಬದ ಮ್ಯಾಲೆ ಅದೀನಿ.
ಕೆಳಗ ಸೂರ್ಯಕಾಂತಿ ಹೊಲ,
ಅದರ ಮ್ಯಾಲೆ ಮೋಡದ ನೆಳ್ಳು ಸಾಲಾಗಿ ಹೊಂಟಾವು.
ಎಣಿಸಿದೆ. ಅರವತ್ತೊಂದು ಇರಲಿಲ್ಲ.
ವಾಕಿಟಾಕಿಯಾಗ ಕೆಳಗಿನಿಂದ ದ್ಯಾಮಣ್ಣ:
ಎಲ್ಲೆ ಅದೀಯೋ ಮಾರಾಯಾ, ತಾಸಾತು ಕರದು?
ಗಾಳಿ ಬ್ರೇಕು ಹಾಕಿದ ರೆಕ್ಕಿ ದಬ್ಬತಿತ್ತು, ದಬ್ಬತಿತ್ತು.
ನಲವತ್ತೇಳು, ಅಂದೆ.
ಏನು?
ಡೋಣಿ. ಡೋಣಿಯಾಗ ಅದೀನಿ.