ಬರಲಿದೆ

ಮೂರು ಭಾಷಾದಾಗ ತಡ ಹೇಳೋದು ನನ್ನ ಕೆಲಸ.
ಕನ್ನಡದಾಗ, ಕೆಲವೇ ನಿಮಿಷಗಳಲ್ಲಿ ಬರಲಿದೆ.
ಹಿಂದಿಯೊಳಗ ಜರಾ ಮರ್ಯಾದಿ ಜಾಸ್ತಿ.
ಇಂಗ್ಲಿಷಿನೊಳಗ ಹೇಳಿದ್ರ ಯಾರೂ ಜಗಳಾಕ ಬರಲ್ಲ.
ಮಷೀನ್ ಬಂದದ ಖರೆ, ವಾರದಾಗ ಎರಡು ಸಲ ಕೆಡ್ತದ.
ಆವಾಗ ಮೈಕಿನ ಮುಂದ ನಾ ಕೂಡ್ತೀನಿ,
ಗಂಟಲಾಗ ಸಿಮೆಂಟಿನ ಧೂಳು,
ಕೈಯಾಗ ಅರ್ಧ ಕಪ್ ಚಹಾ.

ಧೂಳಪ್ಪನ ಆಲ್ಬಮ್ಮೂ ಹಂಗೇ, ಬರಲಿದೆ.
ದಸರಾಕ್ಕ ಅಂದ. ಆಮ್ಯಾಲ ಉರುಸಿಗಿ ಅಂದ.
ಈಗ ಪೋಸ್ಟರಿನ್ಯಾಗ ತಾರೀಖೇ ಇಲ್ಲ.
ಅವನ ಅರ್ಧ ಮಾರಿ, ಹಿಂದ ನಮ್ಮ ವಾಡಿಯ ಚಿಮಣಿ,
ಕೆಳಗ ದಪ್ಪಕ್ಷರದಾಗ ಒಂದೇ ಶಬ್ದ: ಶೀಘ್ರದಲ್ಲೇ.
ಹೆಸರಿನೊಳಗಿನ ಅಪ್ಪನ್ನ ತಗದು
ಈಗ ಅವ ಬರೇ ಧೂಳ್.
ಮೂರು ಆಲ್ಬಮ್ ಆದ್ವು. ಪುಣೆದಾಗ ಟಿಕೀಟ್ ಸಿಗಲ್ಲಂತ.
ಇಲ್ಲಿ ಆಟೋದ ಹುಡುಗರು ಅವನ ಹಾಡು ಹಚ್ಚಿ
ನನ್ನ ಅನೌನ್ಸ್‌ಮೆಂಟ್ ಮುಳುಗಿಸ್ತಾರ.

ಆ ಹಾಡಿನೊಳಗ ಒಂದು ಮಾತು ನಂದು.

ಆರನೇ ಈಯತ್ತಾ. ಸಾಲಿ ಬಿಟ್ಟ ಮ್ಯಾಲ
ಬ್ರಿಜ್ ಹತ್ತಿ ಗೂಡ್ಸ್ ಗಾಡಿ ಎಣಸ್ತಿದ್ವಿ.
ಹಳಿ ಕೂಡೂ ಜಾಗಾದಾಗ ಗಾಲಿ ಹೆಂಗ ಬಡಿತಾವೋ
ಹಂಗೇ ಅವ ಊಟದ ಡಬ್ಬಿ ಮ್ಯಾಲ ಚಮಚ ಬಡಿತಿದ್ದ,
ದಗ್-ದಗ್, ಸುಮ್ಮ, ದಗ್-ದಗ್.
ಎಣಿಸಿ ಎಣಿಸಿ ಬ್ಯಾಸತ್ತು ನಾ ಅಂದೆ:

ಐವತ್ತೆಂಟು ಡಬ್ಬಿ ಹೋದ್ವು
ಒಂದಕ್ಕರೆ ಖಿಡಕಿ ಇಲ್ಲ.

ಇಷ್ಟೇ. ಕಂಡಿದ್ದು ಹೇಳ್ದೆ.
ಈಗ ದೊಡ್ಡ ದೊಡ್ಡೋರು ಅದಕ್ಕ ಅರ್ಥ ಹೇಳ್ತಾರ,
ಜೈಲು ಅಂತಾರ, ಕಾರ್ಖಾನಿ ಅಂತಾರ, ಜಾತಿ ಅಂತಾರ.
ಇರಬಹುದು.
ಕಲ್ಲಿದ್ದಲಿಗಿ ಖಿಡಕಿ ಯಾಕ ಬೇಕಲೇ ಅಂತ
ಆವತ್ತು ಧೂಳಪ್ಪನೇ ನಕ್ಕಿದ್ದ.

ಹೋದ ಮಂಗಳವಾರ ರಾತ್ರಿ ಫೋನ್,
ಹನ್ನೊಂದು ವರ್ಷದ ಮ್ಯಾಲ.
"ಮಾನಂದಾ, ನಿನ್ನ ದನಿ ಬೇಕು, ಶುರುವಾತಿಗಿ.
ಆಗಿರುವ ಅಸೌಕರ್ಯಕ್ಕೆ ವಿಷಾದಿಸುತ್ತೇವೆ ಅಂತೀಯಲ್ಲ, ಅದು.
ಹೈದರಾಬಾದಿಗಿ ಬಾ, ಸ್ಟುಡಿಯೋಕ್ಕ. ಗಾಡಿ ಕಳಸ್ತೀನಿ."
ಗಾಡಿ ಇಲ್ಲೇ ಭಾಳ ಅವ, ಅಂದೆ.
ಅಸೌಕರ್ಯ ಇಲ್ಲದ ಜಾಗಾದಾಗ ಕುಂತು
ವಿಷಾದ ಹೆಂಗ ಹೇಳಲಿ? ನೀನೇ ಬಾ.

ಬಂದ. ಟೋಪಿ ಮುಂದ ಎಳಕೊಂಡು.
ಚೀಲದಾಗ ತುಪ್ಪಳ ಹಚ್ಚಿದ ಮೈಕು, ಸತ್ತ ಅಳಿಲಿನಂಗ.
ಎರಡನೇ ಪ್ಲಾಟ್‌ಫಾರ್ಮಿನ ಫರ್ಷಿ ಮ್ಯಾಲ ಕುಂತ.
ಯಾರೂ ಗುರುತು ಹಿಡಿಲಿಲ್ಲ. ಒಬ್ಬಾಕಿ ಮುದುಕಿ ಮಾತ್ರ
"ಹಮಾಲ ಲಾಡಪ್ಪನ ಮಗ ಅಲ್ಲೇನೋ ನೀ?" ಅಂದಳು.
ಆಕಿ ಗಾಡಿ ಎರಡೂವರಿ ತಾಸು ತಡ.
ಹೇಳ್ದೆ. ವಿಷಾದದ ನಡುವ ಕೆಮ್ಮು ಬಂತು.
ಮತ್ತೊಮ್ಮೆ ಹೇಳ್ಲಾ ಅಂತ ಗಾಜಿನೊಳಗಿಂದ ಸನ್ನಿ ಮಾಡ್ದೆ.
ಬ್ಯಾಡ ಅಂತ ಕೈ ಎತ್ತಿದ.
ಅಷ್ಟರಾಗ ಕಲ್ಲಿದ್ದಲ ಗೂಡ್ಸ್ ನುಗ್ತು ನಡುವಿನ ಹಳಿ ಮ್ಯಾಲ.
ಅವ ಕಣ್ಣು ಮುಚ್ಚಿದ. ಬೆರಳು ಮೊಣಕಾಲ ಮ್ಯಾಲ
ದಗ್-ದಗ್, ಸುಮ್ಮ, ದಗ್-ದಗ್.
ನಾ ಎಣಿಸ್ದೆ. ಚಟ ಹೋಗಲ್ಲ.

ಹೋಗೋಮುಂದ ಕೇಳ್ದ, "ಹೆಸರು ಏನಂತ ಹಾಕ್ಲಿ?
ದನಿ: ವಾಡಿ ಜಂಕ್ಷನ್. ಚೆಂದ ಅದ ಅಲ್ಲ?"
ಜಂಕ್ಷನ್ನಿಗಿ ಬಾಯಿ ಇಲ್ಲೋ ಧೂಳಪ್ಪ.
ಪೂರಾ ಬರಿ. ಮಹಾನಂದಾ ಗುರುಶಾಂತಪ್ಪ ಹೊಸಮನಿ.
ಹಕಾರ ಬಿಡಬ್ಯಾಡ.
ದನಿಗಿ ಒಂದು ಸಲ ಬರಿ.
ಐವತ್ತೆಂಟಕ್ಕ ಒಂದು ಸಲ.

ಸುಮ್ಮ ನಿಂತ.
ಆಮ್ಯಾಲ ಪೆನ್ನು ಕೇಳ್ದ.

ಶನಿವಾರ ಮತ್ತ ಪೋಸ್ಟರ್ ಬದಲಾತು.
ಚಿಮಣಿ ಹೋಗಿ ಖಾಲಿ ಹಳಿ ಬಂದದ. ತಾರೀಖು ಇನ್ನಾ ಇಲ್ಲ.
ಆಟೋದ ಹುಡುಗರು ನನ್ನ ಖಿಡಕಿಗಿ ಬಂದು ಕೇಳ್ತಾರ,
ಅಕ್ಕಾ, ನಿಮಗ ಗೊತ್ತಿರ್ತದಲ್ಲ, ಯಾವಾಗ?
ಮೈಕಿನ ಬಟನ್ ಒತ್ತಲಾರದೇ ಹೇಳ್ತೀನಿ,
ಮೂರೂ ಭಾಷಾದಾಗ.